ಅಥೆನ್ಸ್‌ಗೆ ಹೋದರೆ ಮೊದಲು ಸಂತೆ ನೋಡಿ, ಆಮೇಲೆ ಗುಡ್ಡ ಹತ್ತಿ

ಅಥೆನ್ಸ್‌ನಲ್ಲಿ ಇಳಿದವರು ಸಾಮಾನ್ಯವಾಗಿ ಸೀದಾ ಅಕ್ರಾಪೊಲಿಸ್ ಗುಡ್ಡ ಹತ್ತುತ್ತಾರೆ. ಅಲ್ಲಿನ ಹಳೆಯ ದೇವಸ್ಥಾನ ಪಾರ್ಥೆನಾನ್ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಬಿಸಿಲಿಗೆ ಬೆಂದು ಕೆಳಗಿಳಿದು ಐಸ್‌ಕ್ರೀಮ್ ತಿನ್ನುತ್ತಾರೆ. ಸಂಜೆ ಹೇಗಿತ್ತು ಅಂತ ಕೇಳಿದರೆ 'ಕಂಬಗಳು ಚೆನ್ನಾಗಿವೆ' ಅನ್ನುತ್ತಾರೆ. ಅಷ್ಟು ದೂರ ಹೋಗಿ, ಅಷ್ಟು ದುಡ್ಡು ಸುರಿದು ಬರೀ ಕಂಬ ನೋಡಿ ಬರುವುದಾದರೆ ಹಂಪಿಯಲ್ಲೇ ಬೇಕಾದಷ್ಟಿವೆ, ಅಲ್ವಾ?

ನಾನು ಸಿವಿಲ್ ಎಂಜಿನಿಯರ್. ದಾವಣಗೆರೆ ಸುತ್ತಮುತ್ತ ಶಾಲೆ ಕಟ್ಟಡ, ಸಣ್ಣ ಸೇತುವೆ, ಕಾಲುವೆ ಅಂತ ಕೆಲಸ ಮಾಡಿ ರಿಟೈರ್ ಆದವನು. ಹಳೆಯ ಕಟ್ಟಡ ಕಂಡರೆ ನನಗೆ ಮೊದಲು ಹುಟ್ಟುವ ಪ್ರಶ್ನೆಗಳು ಬೇರೆ. ಬಿಲ್ ಯಾರು ಕೊಟ್ಟರು? ಮೇಸ್ತ್ರಿಗೆ ಕೂಲಿ ಎಷ್ಟು? ಲೆಕ್ಕ ಎಲ್ಲಿ ಬರೆದಿಟ್ಟರು? ಅಥೆನ್ಸ್‌ನ ವಿಶೇಷ ಅಂದರೆ ಈ ಪ್ರಶ್ನೆಗಳಿಗೆ ಅಲ್ಲಿ ಉತ್ತರ ಸಿಗುತ್ತದೆ. 2,400 ವರ್ಷದ ಹಿಂದಿನ ಲೆಕ್ಕ ಕಲ್ಲಿನ ಮೇಲೆ ಹಾಗೇ ಉಳಿದಿದೆ. ಅದಕ್ಕೇ ನನ್ನ ಸಲಹೆ: ಗುಡ್ಡದ ಮೇಲಿನ ದೇವಸ್ಥಾನ ಆಮೇಲೆ. ಕೆಳಗಿನ ಸಂತೆಮಾಳ ಮೊದಲು. ಊರು ನಡೆಸಲು ಅವರು ಏನೇನು ಸಾಮಾನು ಬಳಸುತ್ತಿದ್ದರು ಅಂತ ನೋಡಿಕೊಂಡು ಮೇಲೆ ಹತ್ತಿದರೆ ಅದೇ ಕಂಬಗಳು ಬೇರೆ ತರ ಕಾಣುತ್ತವೆ.

ಹೊರಡುವ ಮುಂಚೆ

ಗ್ರೀಕ್ ಅಕ್ಷರ ಕಲಿತುಕೊಂಡು ಹೋಗಿ. ಭಾಷೆ ಬೇಡ, ಬರೀ ದೊಡ್ಡಕ್ಷರ ಸಾಕು. ಇರೋದೇ 24. ಪಿಯುಸಿಯಲ್ಲಿ ಗಣಿತ ಓದಿದ್ದರೆ ಅರ್ಧ ಆಗಲೇ ಗೊತ್ತು: ಆಲ್ಫಾ, ಬೀಟಾ, ಡೆಲ್ಟಾ, ಥೀಟಾ, ಪೈ, ಸಿಗ್ಮಾ. ಎಡವಿಸುವುದು ಕೆಲವೇ ಅಕ್ಷರ. ಇಂಗ್ಲಿಷಿನ ಪಿ ತರ ಕಾಣುವುದು ಅಲ್ಲಿ 'ರ'. ಎಚ್ ತರ ಕಾಣುವುದು 'ಈ'. ಒಂದೆರಡು ಸಂಜೆ ಕೂತರೆ ಬಂದುಬಿಡುತ್ತದೆ. ಮ್ಯೂಸಿಯಮ್ಮಿನ ಮಡಕೆ ಚೂರಿನ ಮೇಲೆ ಒಬ್ಬ ಮನುಷ್ಯನ ಹೆಸರನ್ನು ನೀವೇ ಓದಿದಾಗ ಸಿಗುವ ಖುಷಿ ಗೈಡ್ ಬಾಯಲ್ಲಿ ಕೇಳಿದರೆ ಸಿಗಲ್ಲ. ತುಂಬ ಹಳೆಯ ಬರಹದಲ್ಲಿ ಒಂದೆರಡು ಅಕ್ಷರದ ರೂಪ ಬೇರೆ ಇರುತ್ತದೆ. ಇಂದಿನ ಅಕ್ಷರಮಾಲೆಯನ್ನು ಅಥೆನ್ಸ್ ಸರ್ಕಾರ ಒಪ್ಪಿಕೊಂಡಿದ್ದೇ ಕ್ರಿ.ಪೂ. 403ರ ಹೊತ್ತಿಗೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಜುಲೈ, ಆಗಸ್ಟ್ ಬೇಡ. ಬಿಸಿಗಾಳಿ ಜಾಸ್ತಿಯಾದ ದಿನ ಮಧ್ಯಾಹ್ನ ಅಕ್ರಾಪೊಲಿಸ್ ಬಾಗಿಲನ್ನೇ ಹಾಕಿಬಿಡುತ್ತಾರೆ. ಏಪ್ರಿಲ್, ಮೇ ಅಥವಾ ಅಕ್ಟೋಬರ್ ನೋಡಿಕೊಳ್ಳಿ. ರಬ್ಬರ್ ಅಡಿಯ ಶೂ ಬೇಕೇ ಬೇಕು. ಲಕ್ಷಾಂತರ ಜನ ತುಳಿದು ನುಣ್ಣಗಾದ ಅಮೃತಶಿಲೆ ಅದು. ಒಣಗಿದ್ದರೂ ಜಾರುತ್ತದೆ. ಅಕ್ರಾಪೊಲಿಸ್ ಟಿಕೆಟ್‌ಗೆ ಗಂಟೆಯ ಸ್ಲಾಟ್ ಇರುತ್ತದೆ. ಸರ್ಕಾರಿ ವೆಬ್‌ಸೈಟಿನಲ್ಲೇ ಮೊದಲೇ ತೆಗೆದುಕೊಳ್ಳಿ. ಬೆಳಗಿನ ಮೊದಲ ಸ್ಲಾಟ್ ಸಿಕ್ಕರೆ ಬಿಡಬೇಡಿ.

ಅಗೋರಾ: ಅರ್ಧ ದಿನ ಇಲ್ಲಿಗೇ ಇಡಿ

ಅಗೋರಾ ಅಂದರೆ ಸಂತೆ, ಕಚೇರಿ, ಕೋರ್ಟು, ಹರಟೆಕಟ್ಟೆ ಎಲ್ಲ ಸೇರಿದ ಜಾಗ. ಮೊನಾಸ್ತಿರಾಕಿ ಅಥವಾ ಥಿಸಿಯೊ ಮೆಟ್ರೊ ಸ್ಟೇಷನ್‌ನಿಂದ ನಡೆದೇ ಹೋಗಬಹುದು. ಒಳಗೆ ಕಾಲಿಟ್ಟರೆ ಮೊದಲು ನಿರಾಸೆಯಾಗುತ್ತದೆ. ಎಲ್ಲಿ ನೋಡಿದರೂ ಅಡಿಪಾಯ, ಮುರಿದ ಕಲ್ಲು, ಮಧ್ಯೆ ಆಲಿವ್ ಗಿಡ. ನಿಲ್ಲಬೇಡಿ. ಬಲಗಡೆ ಗುಡ್ಡೆಯ ಮೇಲೆ ಹೆಫೈಸ್ಟಸ್ ದೇವಸ್ಥಾನ ಕಾಣುತ್ತದೆ. ಕಮ್ಮಾರರ ದೇವರು. ಸುತ್ತ ಕಂಚು, ಕಬ್ಬಿಣದ ಕೆಲಸದ ಅಂಗಡಿಗಳಿದ್ದವಂತೆ. ಕ್ರಿ.ಪೂ. 5ನೇ ಶತಮಾನದ್ದು, ಛಾವಣಿಯ ಭಾಗವೂ ಸೇರಿ ಬಹುಪಾಲು ನಿಂತೇ ಇದೆ. ಮುಂದೆ ಅದನ್ನು ಚರ್ಚ್ ಮಾಡಿಕೊಂಡಿದ್ದರು, ಅದಕ್ಕೇ ಉಳಿಯಿತು. ಬಳಕೆಯಲ್ಲಿರುವ ಕಟ್ಟಡ ಬೀಳಲ್ಲ. ಬೀಗ ಹಾಕಿದ್ದೇ ಬೀಳೋದು.

ಎಡಗಡೆಯ ಉದ್ದನೆಯ ಎರಡಂತಸ್ತಿನ ಮಂಟಪ ಅಟ್ಟಾಲಸ್‌ನ ಸ್ಟೊವಾ. ಪೆರ್ಗಮಮ್‌ನ ರಾಜ ಎರಡನೇ ಅಟ್ಟಾಲಸ್ ಕ್ರಿ.ಪೂ. 2ನೇ ಶತಮಾನದಲ್ಲಿ ಕಟ್ಟಿಸಿಕೊಟ್ಟ ಅಂಗಡಿ ಸಾಲು. ಈಗ ನಿಂತಿರುವುದು 1950ರ ದಶಕದಲ್ಲಿ ಅಮೆರಿಕದ ಪುರಾತತ್ವ ಸಂಸ್ಥೆ ಮತ್ತೆ ಕಟ್ಟಿದ್ದು. 'ಹೊಸದಲ್ವಾ' ಅಂತ ಮೂಗು ಮುರಿಯುವವರಿದ್ದಾರೆ. ನನಗಂತೂ ಹಿಡಿಸಿತು. ಇಂಥ ಉದ್ದದ ಕಂಬಸಾಲಿನ ನೆರಳು ಎಷ್ಟು ತಂಪು, ಗಾಳಿ ಹೇಗೆ ಆಡುತ್ತದೆ ಅನ್ನುವುದು ಪಾಳುಗೋಡೆ ನೋಡಿದರೆ ಗೊತ್ತಾಗಲ್ಲ. ಇದರೊಳಗೇ ಮ್ಯೂಸಿಯಂ ಇದೆ. ದೊಡ್ಡದಲ್ಲ. ಆದರೆ ನನ್ನ ಪ್ರಕಾರ ಇಡೀ ಅಥೆನ್ಸ್‌ನಲ್ಲಿ ಮೊದಲು ನೋಡಬೇಕಾದ ಕೋಣೆ ಇದೇ.

ಒಳಗೆ ಹೂದಾನಿ, ವಿಗ್ರಹ ಎಲ್ಲ ಇವೆ. ಅವನ್ನು ಸದ್ಯ ಬಿಡಿ. ಮಡಕೆ ಚೂರು ಹುಡುಕಿ. ಆಸ್ಟ್ರಕಾ ಅಂತಾರೆ. ವರ್ಷಕ್ಕೊಮ್ಮೆ ಅಥೆನ್ಸ್‌ನ ಜನಸಭೆ ಒಂದು ಪ್ರಶ್ನೆ ಕೇಳುತ್ತಿತ್ತು: ಈ ವರ್ಷ ಯಾರನ್ನಾದರೂ ಊರುಬಿಡಿಸಬೇಕಾ? ಹೌದು ಅಂದರೆ ಇನ್ನೊಂದು ದಿನ ಎಲ್ಲರೂ ಒಡೆದ ಮಡಕೆ ಚೂರಿನ ಮೇಲೆ ಒಂದು ಹೆಸರು ಗೀಚಿ ಹಾಕುತ್ತಿದ್ದರು. ಒಟ್ಟು 6,000 ಚೂರು ಬಿದ್ದರೆ, ಜಾಸ್ತಿ ಹೆಸರು ಬಂದವನು ಹತ್ತು ವರ್ಷ ಊರು ಬಿಡಬೇಕು. ಆಸ್ತಿ ಮುಟ್ಟುಗೋಲಿಲ್ಲ, ಶಿಕ್ಷೆಯೂ ಅಲ್ಲ. ಸುಮ್ನೆ ದೂರ ಇರಬೇಕು ಅಷ್ಟೇ. ತೀರಾ ಬೆಳೆದುಬಿಟ್ಟ ನಾಯಕನನ್ನು ರಕ್ತ ಹರಿಸದೆ ಇಳಿಸುವ ಉಪಾಯ ಇದು. ಕ್ರಿ.ಪೂ. 487ರಲ್ಲಿ ಮೊದಲ ಸಲ ಬಳಸಿದರು.

ಆ ಚೂರುಗಳಲ್ಲಿ ಥೆಮಿಸ್ಟೊಕ್ಲೀಸ್ ಹೆಸರು ನೀವೇ ಓದಿ. ಶುರುವಿನ ಅಕ್ಷರ ಥೀಟಾ, ದುಂಡಗೆ ಮಧ್ಯೆ ಗೀಟು. ಪಕ್ಕದಲ್ಲಿ ಅಪ್ಪನ ಹೆಸರು, ನಿಯೊಕ್ಲೀಸ್. ಕ್ರಿ.ಪೂ. 480ರಲ್ಲಿ ಸಲಾಮಿಸ್ ಸಮುದ್ರ ಯುದ್ಧದಲ್ಲಿ ಪರ್ಷಿಯನ್ನರನ್ನು ಸೋಲಿಸಿ ಊರು ಉಳಿಸಿದವನು ಅವನೇ. ಅವನನ್ನೂ ಬಿಡಲಿಲ್ಲ. ಇನ್ನೊಂದು ತಮಾಷೆ ಕೇಳಿ. ಅಕ್ರಾಪೊಲಿಸ್‌ನ ಉತ್ತರ ಇಳಿಜಾರಿನ ಒಂದು ಬಾವಿಯಲ್ಲಿ 1937ರಲ್ಲಿ ಸುಮಾರು 190 ಚೂರು ಒಟ್ಟಿಗೇ ಸಿಕ್ಕವು. ಎಲ್ಲದರ ಮೇಲೂ ಇವನದೇ ಹೆಸರು. ಕೈಬರಹ ನೋಡಿದರೆ ಬರೆದವರು ಕೇವಲ 14 ಜನ! ಅಂದರೆ ವಿರೋಧಿ ಗುಂಪಿನವರು ಮೊದಲೇ ಬರೆದು ರೆಡಿ ಇಟ್ಟುಕೊಂಡು ಹಂಚಲು ಹೊರಟಿದ್ದರು. ಚುನಾವಣೆ ಹುಟ್ಟಿದ ಊರಲ್ಲೇ ಚುನಾವಣಾ ಅಕ್ರಮವೂ ಹುಟ್ಟಿತು ಅಂತ ನಮ್ಮ ಮನೆಯವರು ನಕ್ಕರು.

ಪಕ್ಕದಲ್ಲೇ ಸಾಲು ಸಾಲು ಸೀಳು ಕೊರೆದ ಒಂದು ಕಲ್ಲಿನ ತುಂಡು ಇದೆ. ಹೆಸರು ಕ್ಲೆರೊಟೀರಿಯನ್. ನೋಡಿದ ತಕ್ಷಣ ಏನೂ ಅರ್ಥವಾಗಲ್ಲ, ಹಾಗಾಗಿ ಎಲ್ಲರೂ ದಾಟಿಕೊಂಡು ಹೋಗುತ್ತಾರೆ. ನೀವು ನಿಲ್ಲಿ. ಇದು ಜ್ಯೂರಿ, ಅಂದರೆ ಕೋರ್ಟಿನಲ್ಲಿ ಕೂತು ತೀರ್ಪು ಕೊಡುವ ಸಾಮಾನ್ಯ ನಾಗರಿಕರನ್ನು ಆರಿಸುವ ಯಂತ್ರ. ಪ್ರತಿಯೊಬ್ಬ ಜ್ಯೂರಿಯ ಹತ್ತಿರ ಹೆಸರು ಕೆತ್ತಿದ ಕಂಚಿನ ಪಟ್ಟಿ ಇರುತ್ತಿತ್ತು. ಬೆಳಿಗ್ಗೆ ಬಂದವರ ಪಟ್ಟಿಗಳನ್ನೆಲ್ಲ ಈ ಸೀಳುಗಳಲ್ಲಿ ತೂರಿಸುತ್ತಿದ್ದರು. ಕಲ್ಲಿನ ಪಕ್ಕಕ್ಕೆ ಒಂದು ಕೊಳವೆ. ಅದರ ಬಾಯಿಗೆ ಕಪ್ಪು, ಬಿಳಿ ಗುಂಡು ಕಲಸಿ ಸುರಿದು, ಕೆಳಗಿನಿಂದ ಒಂದೊಂದೇ ಬಿಡುತ್ತಿದ್ದರು. ಬಿಳಿ ಬಿದ್ದರೆ ಆ ಅಡ್ಡಸಾಲಿನ ಎಲ್ಲರೂ ಇವತ್ತು ಕೋರ್ಟಿಗೆ. ಕಪ್ಪು ಬಿದ್ದರೆ ಆ ಸಾಲು ಮನೆಗೆ. ಯಾವ ಕೇಸಿಗೆ ಯಾರು ಕೂರುತ್ತಾರೆ ಅಂತ ಬೆಳಗಾಗುವ ತನಕ ಯಾರಿಗೂ ಗೊತ್ತಿಲ್ಲ. ಲಂಚ ಕೊಡೋದು ಯಾರಿಗೆ? ಅದೂ ಸಾಮಾನ್ಯ ಕೇಸಿಗೆ 201 ಜನ, ದೊಡ್ಡದಕ್ಕೆ 501. ಟೆಂಡರ್ ಪೆಟ್ಟಿಗೆ ಒಡೆಯುವ ಜಾಗದಲ್ಲಿ ವರ್ಷಗಟ್ಟಲೆ ಕೂತಿದ್ದ ನನಗೆ ಈ ಕಲ್ಲಿನ ಮುಂದಿನಿಂದ ಕಾಲು ಕೀಳಲು ಮನಸ್ಸೇ ಬರಲಿಲ್ಲ.

ಮತ ಹಾಕುವ ಬಿಲ್ಲೆಗಳನ್ನೂ ನೋಡಿ. ಕಂಚಿನ ಸಣ್ಣ ಚಕ್ರ, ಮಧ್ಯೆ ಒಂದು ಅಚ್ಚು. ಕೆಲವಕ್ಕೆ ಅಚ್ಚು ಗಟ್ಟಿ, ಕೆಲವಕ್ಕೆ ಟೊಳ್ಳು. ಗಟ್ಟಿ ಅಂದರೆ ನಿರಪರಾಧಿ, ಟೊಳ್ಳು ಅಂದರೆ ತಪ್ಪಿತಸ್ಥ. ಪ್ರತಿಯೊಬ್ಬರಿಗೂ ಎರಡೂ ಕೊಡುತ್ತಿದ್ದರು. ಒಂದನ್ನು ಲೆಕ್ಕದ ಹಂಡೆಗೆ, ಇನ್ನೊಂದನ್ನು ರದ್ದಿ ಹಂಡೆಗೆ ಹಾಕಬೇಕು. ಹೆಬ್ಬೆರಳು, ತೋರುಬೆರಳಿನ ನಡುವೆ ಅಚ್ಚಿನ ಎರಡು ತುದಿ ಒತ್ತಿ ಹಿಡಿದರೆ ಯಾವುದು ಗಟ್ಟಿ, ಯಾವುದು ಟೊಳ್ಳು ಅಂತ ಪಕ್ಕದವನಿಗೆ ಕಾಣಲ್ಲ. ಒಂದು ನಾಣ್ಯವನ್ನು ಹಾಗೆ ಹಿಡಿದು ನೋಡಿ. ಗುಪ್ತ ಮತದಾನ ಅನ್ನುವುದು ಎರಡು ಬೆರಳಿನ ಕೆಲಸ.

ಇದೇ ಕೋಣೆಯಲ್ಲಿ ಕ್ಲೆಪ್ಸಿಡ್ರಾ ಇದೆ, ನೀರಿನ ಗಡಿಯಾರ. ಬುಡದಲ್ಲಿ ಸಣ್ಣ ತೂತಿರುವ ಮಣ್ಣಿನ ಪಾತ್ರೆ. ಸುಮಾರು ಆರೂವರೆ ಲೀಟರ್ ಹಿಡಿಯುತ್ತದೆ, ಖಾಲಿಯಾಗಲು ಆರು ನಿಮಿಷ. ಕೋರ್ಟಿನಲ್ಲಿ ಮಾತಾಡುವವನ ಸಮಯ ಇದರಿಂದಲೇ ಅಳೆಯುತ್ತಿದ್ದರು. ನೀರಿನ ಮಟ್ಟ ಇಳಿದಂತೆ ಧಾರೆ ಸಣ್ಣದಾಗುತ್ತದೆ. ಆದರೆ ಒಟ್ಟು ಖಾಲಿಯಾಗುವ ಹೊತ್ತು ಇಬ್ಬರಿಗೂ ಒಂದೇ. ಹಾಗಾಗಿ ಯಾರಿಗೂ ಮೋಸ ಇಲ್ಲ. ಮಕ್ಕಳು ಜೊತೆಗಿದ್ದರೆ ಮೊಬೈಲಿನಲ್ಲಿ ಆರು ನಿಮಿಷ ಇಟ್ಟು 'ನಿನ್ನ ಮೇಲೆ ಕೇಸ್ ಇದೆ, ವಾದ ಮಾಡು' ಅನ್ನಿ. ಮೂರನೇ ನಿಮಿಷಕ್ಕೆ ಮಾತು ಮುಗಿದಿರುತ್ತದೆ.

ಹೊರಡುವ ಮುಂಚೆ ಎರಡು ವಸ್ತು. ಒಂದು, ಕ್ರಿ.ಪೂ. 425ರಲ್ಲಿ ಪೈಲೊಸ್ ಯುದ್ಧದಲ್ಲಿ ಸ್ಪಾರ್ಟಾದವರಿಂದ ಕಿತ್ತುಕೊಂಡ ಕಂಚಿನ ಗುರಾಣಿ. ಯಾರಿಂದ, ಎಲ್ಲಿ ಕಿತ್ತುಕೊಂಡಿದ್ದು ಅಂತ ಅದರ ಮೇಲೇ ಚುಕ್ಕಿ ಹೊಡೆದು ಬರೆದಿದ್ದಾರೆ. ಇನ್ನೊಂದು, ಕಾಲು ಹೊರಗೆ ಹಾಕಲು ತೂತು ಬಿಟ್ಟಿರುವ, ಮಗುವನ್ನು ಕಕ್ಕಸಿಗೆ ಕೂರಿಸುವ ಮಣ್ಣಿನ ಕುರ್ಚಿ. ಕ್ರಿ.ಪೂ. 6ನೇ ಶತಮಾನದ್ದು. ನಮ್ಮ ಮನೆಯವರು ಜಾಸ್ತಿ ಹೊತ್ತು ನಿಂತಿದ್ದು ಇದರ ಮುಂದೆ.

ಮ್ಯೂಸಿಯಮ್ಮಿನಿಂದ ಹೊರಬಂದು ಮೈದಾನದ ನೈಋತ್ಯ ಮೂಲೆಗೆ ನಡೆಯಿರಿ. ದುಂಡನೆಯ ಅಡಿಪಾಯ ಥೊಲೊಸ್. ಊರಿನ ಆಡಳಿತ ನೋಡಿಕೊಳ್ಳುವ 500 ಜನರ ಸಮಿತಿಯಲ್ಲಿ ಸರದಿ ಬಂದ 50 ಜನ ಇಲ್ಲಿ ಊಟ ಮಾಡುತ್ತಿದ್ದರು, ಕೆಲವರು ರಾತ್ರಿ ಇಲ್ಲೇ ಮಲಗಬೇಕಿತ್ತು. ಊರಿನ ತೂಕ, ಅಳತೆಯ ಸರ್ಕಾರಿ ಮಾದರಿಗಳೂ ಇಲ್ಲೇ. ಅದನ್ನು ದಾಟಿ ಸ್ವಲ್ಪ ದಕ್ಷಿಣಕ್ಕೆ ಹೋದರೆ ಒಂದು ಗಡಿಕಲ್ಲು ಇನ್ನೂ ನೆಟ್ಟ ಜಾಗದಲ್ಲೇ ಇದೆ. 'ನಾನು ಅಗೋರಾದ ಗಡಿ' ಅಂತ ಕಲ್ಲೇ ಮಾತಾಡುತ್ತದೆ. ಅದರ ಬೆನ್ನಿಗೇ ಒಂದು ಸಣ್ಣ ಮನೆಯ ಅಡಿಪಾಯ. ಅಲ್ಲಿ ಅಗೆದಾಗ ಚಪ್ಪಲಿಯ ಮೊಳೆಗಳು, ಮೂಳೆಯ ರಿಂಗುಗಳು ಸಿಕ್ಕವು. ಸೈಮನ್ ಅಂತ ಹೆಸರು ಗೀಚಿದ ಬಟ್ಟಲಿನ ಬುಡವೂ ಸಿಕ್ಕಿತು. ಸಾಕ್ರಟೀಸ್ ಬಂದು ಕೂತು ಹರಟುತ್ತಿದ್ದ ಸೈಮನ್ ಅನ್ನುವ ಚಪ್ಪಲಿ ಹೊಲಿಯುವವನ ಕಥೆ ಹಳೆಯ ಬರಹಗಳಲ್ಲಿದೆ. ಇದು ಅವನ ಅಂಗಡಿಯೇ ಇರಬೇಕು ಅಂತ ಅಗೆದವರ ಊಹೆ. ತತ್ವಶಾಸ್ತ್ರ ಹುಟ್ಟಿದ್ದು ಅಮೃತಶಿಲೆಯ ಸಭಾಂಗಣದಲ್ಲಿ ಅಂತ ಯಾರಾದರೂ ಅಂದರೆ ಅವರನ್ನು ಇಲ್ಲಿಗೆ ಕರೆತನ್ನಿ.

ಅದೇ ಸಾಕ್ರಟೀಸ್‌ನನ್ನು ಕ್ರಿ.ಪೂ. 399ರಲ್ಲಿ ಸಾಯಿಸಿದ್ದೂ ಇದೇ ಜ್ಯೂರಿ, ಇದೇ ನೀರಿನ ಗಡಿಯಾರದ ವ್ಯವಸ್ಥೆ. ಯಂತ್ರ ಸರಿಯಾಗಿತ್ತು. ತೀರ್ಪು ಸರಿ ಇರಲಿಲ್ಲ.

ಸಂಜೆ: ಪ್ನಿಕ್ಸ್

ಬಿಸಿಲು ಇಳಿದ ಮೇಲೆ ಪ್ನಿಕ್ಸ್ ಗುಡ್ಡಕ್ಕೆ ಹೋಗಿ. ಟಿಕೆಟ್ ಇಲ್ಲ, ಕ್ಯೂ ಇಲ್ಲ. ಬಂಡೆಯಲ್ಲೇ ಕಡೆದ ಒಂದು ಮೆಟ್ಟಿಲು ವೇದಿಕೆ, ಮುಂದೆ ಬೋಳು ಇಳಿಜಾರು. ಜನಸಭೆ ವರ್ಷಕ್ಕೆ ಸುಮಾರು 40 ಸಲ ಸೇರುತ್ತಿದ್ದದ್ದು ಇಲ್ಲೇ. 'ಯಾರು ಮಾತಾಡಬೇಕು?' ಅಂತ ಸಾರುವವನು ಕೂಗುತ್ತಿದ್ದ. ಯಾವ ನಾಗರಿಕ ಬೇಕಾದರೂ ಎದ್ದು ಬರಬಹುದಿತ್ತು. ಜನ ಸಂತೆಯಲ್ಲೇ ಹರಟುತ್ತಾ ನಿಂತರೆ ಕೆಂಪು ಬಣ್ಣದಲ್ಲಿ ಅದ್ದಿದ ಹಗ್ಗ ಹಿಡಿದು ಅವರನ್ನು ಇತ್ತ ಅಟ್ಟುತ್ತಿದ್ದರು. ಬಟ್ಟೆಗೆ ಬಣ್ಣ ಅಂಟಿದವನು ತಡವಾಗಿ ಬಂದವನು ಅಂತ ಲೆಕ್ಕ.

ವೇದಿಕೆ ನೋಡಿ ವಾಪಸ್ ಬರಬೇಡಿ. ಕೆಳಗಿನ ಅಂಚಿಗೆ ಹೋಗಿ. ಅರ್ಧ ಚಂದ್ರದ ಆಕಾರದ ತಡೆಗೋಡೆ ಇದೆ, ಒಂದೊಂದು ಕಲ್ಲೂ ಆನೆಗಾತ್ರ. ಗುಡ್ಡದ ಸಹಜ ಇಳಿಜಾರು ಒಂದು ಕಡೆಗಿದ್ದರೆ ಇವರು ಕೂರುವವರ ಮುಖವನ್ನು ಇನ್ನೊಂದು ಕಡೆಗೆ ತಿರುಗಿಸಿದ್ದಾರೆ. ಅದಕ್ಕೆ ಗೋಡೆ ಕಟ್ಟಿ, ಮಣ್ಣು ತುಂಬಿ, ಇಳಿಜಾರನ್ನೇ ಉಲ್ಟಾ ಮಾಡಿದ್ದಾರೆ. ಜನರನ್ನು ಕೂರಿಸಲು ಒಂದು ಗುಡ್ಡ ತಿದ್ದಿದ ಸರ್ಕಾರ!

ಆದರೆ ಇಲ್ಲಿ ಕೂತವರು ಯಾರು? ಹೆಂಗಸರಿಗೆ ಅವಕಾಶ ಇಲ್ಲ. ಹೊರಊರಿನಿಂದ ಬಂದು ನೆಲೆಸಿದವರಿಗೆ ಇಲ್ಲ. ಗುಲಾಮರಿಗಂತೂ ಕೇಳುವುದೇ ಬೇಡ. ಅಥೆನ್ಸ್‌ನ ಬೆಳ್ಳಿ ಬಂದಿದ್ದು ಲಾರಿಯನ್ ಗಣಿಗಳಿಂದ. ಆ ಸುರಂಗಗಳಲ್ಲಿ ಹೊಟ್ಟೆ ನೆಲಕ್ಕೆ ತಾಗಿಸಿ ಅಗೆದವರು ಗುಲಾಮರು. ಆ ಬೆಳ್ಳಿಯಿಂದಲೇ 200 ಯುದ್ಧನೌಕೆ ಕಟ್ಟಿ ಸಲಾಮಿಸ್‌ನಲ್ಲಿ ಗೆದ್ದಿದ್ದು. ಹೊಗಳುವಾಗ ಇದನ್ನು ಬಿಟ್ಟು ಹೊಗಳಿದರೆ ಲೆಕ್ಕ ತಾಳೆಯಾಗಲ್ಲ.

ಮರುದಿನ ಬೆಳಿಗ್ಗೆ: ಗುಡ್ಡ

ಎಲ್ಲರೂ ಪಶ್ಚಿಮದ ದೊಡ್ಡ ಬಾಗಿಲಿಗೆ ಹೋಗುತ್ತಾರೆ. ನೀವು ಅಕ್ರೊಪೊಲಿ ಮೆಟ್ರೊ ಸ್ಟೇಷನ್ ಹತ್ತಿರದ ಆಗ್ನೇಯ ಬಾಗಿಲಿನಿಂದ ಹೋಗಿ. ಸಾಮಾನ್ಯವಾಗಿ ಕ್ಯೂ ಕಮ್ಮಿ. ದಾರಿಯಲ್ಲಿ ಡಯೊನೈಸಸ್ ರಂಗಮಂದಿರವೂ ಸಿಗುತ್ತದೆ. ಮುಂದಿನ ಸಾಲಿನ ಅಮೃತಶಿಲೆ ಕುರ್ಚಿಗಳ ಮೇಲೆ ಯಾರ ಸೀಟು ಅಂತ ಕೆತ್ತಿದ್ದಾರೆ, ನಡುವಿನದು ಡಯೊನೈಸಸ್‌ನ ಅರ್ಚಕನದು. ನಿಮ್ಮ ಅಕ್ಷರ ಪರೀಕ್ಷೆ ಇಲ್ಲಿ ಮಾಡಿಕೊಳ್ಳಿ. ಇಲ್ಲಿ ನಾಟಕ ಅಂದರೆ ಸ್ಪರ್ಧೆ. ತೀರ್ಪುಗಾರರು ಹತ್ತು ಜನ, ಚೀಟಿ ಎತ್ತಿ ಆರಿಸಿದವರು. ಹತ್ತು ಜನ ಬರೆದ ತೀರ್ಪಿನಲ್ಲಿ ಮತ್ತೆ ಚೀಟಿ ಎತ್ತಿ ಐದನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದರು. ಚೀಟಿ ಮೇಲೆ ಈ ಜನಕ್ಕಿದ್ದ ನಂಬಿಕೆ ನೋಡಿ!

ಗ್ರೀಕ್ ನಾಟಕ ಅಂದಾಗ ಕನ್ನಡಿಗರಿಗೆ ಚಾರಿಷನ್ ಅನ್ನುವ ಹಳೆಯ ಗ್ರೀಕ್ ಪ್ರಹಸನ ನೆನಪಾಗಬಹುದು. ಭಾರತದ ಕಡಲತೀರದಲ್ಲಿ ಸಿಕ್ಕಿಬಿದ್ದ ಗ್ರೀಕ್ ಹುಡುಗಿಯ ಕಥೆ. ಅದರಲ್ಲಿ ಬರುವ ಅರ್ಥವಾಗದ ಮಾತುಗಳು ಕನ್ನಡವೇ ಅಂತ 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಟ್ಶ್ ಹೇಳಿದರು. ಆಮೇಲೆ ಶಾಮಶಾಸ್ತ್ರಿಗಳು, ಗೋವಿಂದ ಪೈಗಳು ಅದನ್ನು ಮುಂದುವರಿಸಿದರು. ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ಅಥೆನ್ಸ್‌ನಲ್ಲಿ ಅದನ್ನು ಹುಡುಕಬೇಡಿ. ಅದನ್ನು ಬರೆದಿದ್ದ ಪಪೈರಸ್ ಹಾಳೆ ಸಿಕ್ಕಿದ್ದು ಈಜಿಪ್ಟಿನಲ್ಲಿ, ಈಗ ಇರೋದು ಆಕ್ಸ್‌ಫರ್ಡ್‌ನಲ್ಲಿ.

ಮೇಲೆ ಹತ್ತಿದಿರಾ? ಪಾರ್ಥೆನಾನ್ ಕಟ್ಟಲು ಶುರುಮಾಡಿದ್ದು ಕ್ರಿ.ಪೂ. 447ರಲ್ಲಿ. ಶಿಲ್ಪವೂ ಸೇರಿ ಮುಗಿದಿದ್ದು 432ಕ್ಕೆ. ಹದಿನೈದೇ ವರ್ಷ! ವಾಸ್ತುಶಿಲ್ಪಿಗಳು ಇಕ್ಟಿನಸ್ ಮತ್ತು ಕ್ಯಾಲಿಕ್ರಟೀಸ್, ಶಿಲ್ಪದ ಉಸ್ತುವಾರಿ ಫಿಡಿಯಾಸ್. ಕಲ್ಲು ಬಂದಿದ್ದು ಸುಮಾರು 16 ಕಿ.ಮೀ. ದೂರದ ಪೆಂಟೆಲಿ ಬೆಟ್ಟದಿಂದ. ಹೊರಸುತ್ತಿನ ಕಂಬ 46, ಎತ್ತರ ಹತ್ತು ಮೀಟರ್‌ಗೂ ಜಾಸ್ತಿ. ಇದೆಲ್ಲ ಬೋರ್ಡಿನಲ್ಲೂ ಸಿಗುತ್ತದೆ. ಬೋರ್ಡ್ ಓದಿ ಕಾಣದ್ದನ್ನು ಹೀಗೆ ನೋಡಿ.

ಉದ್ದದ ಬದಿಯ ಒಂದು ಮೂಲೆಗೆ ಹೋಗಿ. ಹಗ್ಗ ದಾಟಬೇಡಿ, ಕಲ್ಲು ಮುಟ್ಟಬೇಡಿ, ಸಿಳ್ಳೆ ಹೊಡೆಯುತ್ತಾರೆ. ಬಗ್ಗಿ, ಮೇಲಿನ ಮೆಟ್ಟಿಲಿನ ಅಂಚಿನ ಮಟ್ಟಕ್ಕೆ ಕಣ್ಣು ತಂದು ಉದ್ದಕ್ಕೂ ನೋಡಿ. ನೇರ ಇದೆ ಅಂದುಕೊಂಡ ಗೆರೆ ಮಧ್ಯೆ ಉಬ್ಬಿದೆ. ನಂಬಿಕೆ ಬರದಿದ್ದರೆ ಜೂಮ್ ಮಾಡಿ ಫೋಟೊ ತೆಗೆಯಿರಿ. ಮೊಬೈಲಿನ ಎಡಿಟ್‌ನಲ್ಲಿ ಎರಡು ತುದಿಗೆ ಒಂದು ನೇರ ಗೆರೆ ಎಳೆಯಿರಿ. ಮಧ್ಯದಲ್ಲಿ ಕಲ್ಲು ಗೆರೆಯಿಂದ ಮೇಲೆ ಬರುತ್ತದೆ. ಸುಮಾರು 70 ಮೀಟರ್ ಉದ್ದಕ್ಕೆ 11 ಸೆಂ.ಮೀ. ಉಬ್ಬು, ಗಿಡ್ಡ ಬದಿಯಲ್ಲಿ 6 ಸೆಂ.ಮೀ. ಕಂಬಗಳೂ ನೆಟ್ಟಗಿಲ್ಲ. ಒಳಕ್ಕೆ ಸುಮಾರು 7 ಸೆಂ.ಮೀ. ವಾಲಿವೆ. ಮೂಲೆಯ ಕಂಬ ಉಳಿದವುಗಳಿಗಿಂತ ಸ್ವಲ್ಪ ದಪ್ಪ. ಕಂಬದ ಮಧ್ಯೆ ಒಂಚೂರು ಹೊಟ್ಟೆ ಬೇರೆ.

ಯಾಕೆ ಹೀಗೆ? ಉಬ್ಬಿದ್ದರೆ ಮಳೆ ನೀರು ಹರಿದು ಹೋಗುತ್ತದೆ ಅನ್ನುವುದು ನನ್ನಂಥವರಿಗೆ ಮೊದಲು ಹೊಳೆಯುವ ಉತ್ತರ. ಆದರೆ ಅದೇ ಉಬ್ಬನ್ನು ಕಂಬದ ಮೇಲಿನ ತೊಲೆಯ ತನಕ ಒಯ್ದಿದ್ದಾರೆ. ನೀರಿಗಾಗಿ ಮಾತ್ರ ಆದರೆ ಅಷ್ಟು ಕಷ್ಟ ಯಾಕೆ? ಉದ್ದನೆಯ ನೇರ ಗೆರೆ ಕಣ್ಣಿಗೆ ಜೋತಂತೆ ಕಾಣದಿರಲಿ, ಕಟ್ಟಡ ಜೀವಂತ ಅನ್ನಿಸಲಿ ಅಂತ ಮಾಡಿದ್ದಾರೆ ಅನ್ನುವುದೇ ಹೆಚ್ಚು ಸರಿ. ಇದರ ಬೆಲೆ ಏನು ಗೊತ್ತಾ? ಬುಡ ಬಾಗಿದೆ, ಕಂಬ ವಾಲಿದೆ. ಹಾಗಾಗಿ ಪ್ರತಿ ಕಲ್ಲನ್ನೂ ಅದರ ಜಾಗಕ್ಕೆ ಅಂತಲೇ ಕಡೆಯಬೇಕು. ಒಂದರ ಜಾಗದಲ್ಲಿ ಇನ್ನೊಂದು ಕೂರಲ್ಲ. ರಸಮಟ್ಟ, ತೂಗುಗುಂಡು ಹಿಡಿದು ನೇರ ಕಟ್ಟಿಸುವುದೇ ನಮಗೆ ಸಾಕುಸಾಕಾಗುತ್ತದೆ. ಇವರು ಬೇಕಂತಲೇ, ಅಳೆದು, ಸೆಂಟಿಮೀಟರ್ ಲೆಕ್ಕದಲ್ಲಿ ಸೊಟ್ಟ ಕಟ್ಟಿದ್ದಾರೆ.

ಕಲ್ಲಿನ ಕೀಲುಗಳನ್ನೂ ಗಮನಿಸಿ. ಗಾರೆ ಇಲ್ಲ. ಅಕ್ಕಪಕ್ಕದ ಕಲ್ಲಿಗೆ ಕಬ್ಬಿಣದ ಕೊಂಡಿ ಹಾಕಿ, ಸುತ್ತ ಸೀಸ ಹೊಯ್ದಿದ್ದಾರೆ. ಸೀಸ ಇದ್ದರೆ ನೀರು, ಗಾಳಿ ತಾಗಲ್ಲ, ತುಕ್ಕು ಹಿಡಿಯಲ್ಲ. 20ನೇ ಶತಮಾನದ ಶುರುವಿನಲ್ಲಿ ರಿಪೇರಿ ಮಾಡಿದವರು ಸೀಸ ಬಿಟ್ಟು ಬರೀ ಕಬ್ಬಿಣ ಹಾಕಿದರು. ಅದು ತುಕ್ಕು ಹಿಡಿದು ಉಬ್ಬಿ ಕಲ್ಲನ್ನೇ ಸೀಳಿತು. ಈಗಿನವರು ಅದನ್ನೆಲ್ಲ ಬಿಚ್ಚಿ ಟೈಟಾನಿಯಂ ಹಾಕುತ್ತಿದ್ದಾರೆ. ಅಲ್ಲಲ್ಲಿ ಅಚ್ಚ ಬಿಳಿ ತುಂಡು ಕಂಡರೆ ಅದು ಹೊಸ ಕಲ್ಲು. ಕ್ರೇನ್ ಫೋಟೊ ಹಾಳುಮಾಡಿತು ಅಂತ ಗೊಣಗಬೇಡಿ. ನೋಡಬೇಕಾದ್ದು ಅದನ್ನೇ.

ಕಟ್ಟಡ ಹಾಳಾಗಿದ್ದು ವಯಸ್ಸಿನಿಂದ ಅಲ್ಲ. ಚರ್ಚ್ ಆಗಿ, ಮಸೀದಿಯಾಗಿ ಬಹುಪಾಲು ಗಟ್ಟಿಯಾಗೇ ಇತ್ತು. 1687ರಲ್ಲಿ ಊರು ಆಳುತ್ತಿದ್ದ ಆಟೊಮನ್ ತುರ್ಕರು ಒಳಗೆ ಸಿಡಿಮದ್ದು ತುಂಬಿಟ್ಟಿದ್ದರು, ವೆನಿಸ್‌ನವರ ಗುಂಡು ಬಿತ್ತು. ಅಷ್ಟೇ.

ಈಗ ಎದುರಿನ ಎರೆಕ್ಥಿಯನ್‌ಗೆ ಬನ್ನಿ. ಕಂಬದ ಬದಲು ಆರು ಹೆಣ್ಣುಮಕ್ಕಳು ಸೂರು ಹೊತ್ತಿರುವ ಮಂಟಪ. ಇಲ್ಲಿರೋದು ನಕಲು. ನಿಜವಾದ ಐದು ಕೆಳಗಿನ ಮ್ಯೂಸಿಯಮ್ಮಿನಲ್ಲಿವೆ, ಒಂದು ಲಂಡನ್‌ನಲ್ಲಿ. ನನಗೆ ಈ ಕಟ್ಟಡ ಇಷ್ಟವಾಗಲು ಕಾರಣ ಬೇರೆ. ಇದರ ಮಸ್ಟರ್ ರೋಲ್, ಅಂದರೆ ಕೂಲಿ ಲೆಕ್ಕದ ಪಟ್ಟಿ, ಉಳಿದಿದೆ! ಕ್ರಿ.ಪೂ. 409ರಿಂದ ಮುಂದಿನ ಕೆಲವು ವರ್ಷದ ಖರ್ಚನ್ನು ಕಲ್ಲಿನ ಮೇಲೆ ಕೆತ್ತಿ ಊರಿಗೆಲ್ಲ ಕಾಣುವಂತೆ ಇಟ್ಟಿದ್ದರು. ಯಾರು ಯಾವ ಕಂಬಕ್ಕೆ ಗೀರು ಕೊರೆದರು, ಎಷ್ಟು ಪಡೆದರು, ಎಲ್ಲ ಇದೆ. ದಿನಗೂಲಿ ಒಂದು ಡ್ರಾಕ್ಮಾ, ಅಂದಿನ ಬೆಳ್ಳಿ ನಾಣ್ಯ. ನಾಗರಿಕನಿಗೂ ಅಷ್ಟೇ, ಹೊರಊರಿನವನಿಗೂ ಅಷ್ಟೇ, ಗುಲಾಮನಿಗೂ ಅಷ್ಟೇ. ಗುಲಾಮನದು ಯಜಮಾನನ ಜೇಬಿಗೆ ಹೋಗುತ್ತಿತ್ತು, ಅದು ಬೇರೆ ಮಾತು. ಸಿಮಿಯಾಸ್ ಅನ್ನುವ ಕಲ್ಲುಕುಟಿಗ ತನ್ನ ಗುಲಾಮರ ಜೊತೆ ಸೇರಿ ಒಂದೇ ಕಂಬಕ್ಕೆ ಉಳಿ ಹಿಡಿದಿದ್ದಾನೆ. ಆರ್ಕಿಟೆಕ್ಟ್‌ನ ಸಂಬಳ ಎಷ್ಟು ಅಂದಿರಿ? ದಿನಕ್ಕೆ ಅದೇ ಒಂದು ಡ್ರಾಕ್ಮಾ. ಇದನ್ನು ನಮ್ಮ ಇಲಾಖೆಯವರಿಗೆ ಹೇಳಿದರೆ ಯಾರೂ ನಂಬಲಿಲ್ಲ.

ಇಳಿದ ಮೇಲೆ ಅಕ್ರಾಪೊಲಿಸ್ ಮ್ಯೂಸಿಯಂ. 2009ರಲ್ಲಿ ತೆರೆದದ್ದು. ಮೇಲಿನ ಮಹಡಿ ಉಳಿದ ಕಟ್ಟಡಕ್ಕಿಂತ ಓರೆಯಾಗಿ ತಿರುಗಿದೆ, ಪಾರ್ಥೆನಾನ್ ನಿಂತ ದಿಕ್ಕಿಗೇ ಸರಿಯಾಗಿ. ಮೆರವಣಿಗೆಯ ಶಿಲ್ಪಪಟ್ಟಿಯನ್ನು ಸುತ್ತಲೂ ಜೋಡಿಸಿದ್ದಾರೆ. ಜೇನಿನ ಬಣ್ಣದ್ದು ಅಸಲಿ, ಸುಣ್ಣದ ಬಿಳುಪಿನದು ಅಚ್ಚು ತೆಗೆದು ಮಾಡಿದ ನಕಲು. ನಕಲು ಯಾಕೆ ಅಂದರೆ ಉಳಿದ ಶಿಲ್ಪಗಳಲ್ಲಿ ಹೆಚ್ಚುಕಮ್ಮಿ ಅರ್ಧ ಲಂಡನ್‌ನಲ್ಲಿವೆ. ಬ್ರಿಟಿಷ್ ರಾಯಭಾರಿ ಎಲ್ಗಿನ್ ಸಾಹೇಬರು 1801ರಿಂದ ಬಿಚ್ಚಿ ಒಯ್ದಿದ್ದನ್ನು 1816ರಲ್ಲಿ ಬ್ರಿಟಿಷ್ ಸರ್ಕಾರ 35,000 ಪೌಂಡಿಗೆ ಕೊಂಡಿತು. ವಾಪಸ್ ಕೊಡಬೇಕಾ ಬೇಡವಾ ಅಂತ ಇನ್ನೂ ಜಗಳ. ಆ ಮಹಡಿಯಲ್ಲಿ ಒಂದು ಸುತ್ತು ಹಾಕಿದ ಮೇಲೆ ನನಗಂತೂ ಅನುಮಾನ ಉಳಿಯಲಿಲ್ಲ, ಕೊಡಬೇಕು. ಕೆಳಗಿನ ಮಹಡಿಯ ಹಳೆಯ ಹೆಣ್ಣು ವಿಗ್ರಹಗಳ ಸೆರಗಿನ ಅಂಚು ಹತ್ತಿರದಿಂದ ನೋಡಿ. ಕೆಂಪು, ನೀಲಿ ಬಣ್ಣದ ಗುರುತು ಇನ್ನೂ ಇದೆ. ಗ್ರೀಕ್ ಶಿಲ್ಪ ಅಂದರೆ ಬಿಳಿ ಅನ್ನುವುದು ಸುಳ್ಳು. ಬಣ್ಣ ಬಳಿದೇ ನಿಲ್ಲಿಸುತ್ತಿದ್ದರು.

ಊಟದ ಚಿಂತೆ ಇದ್ದವರಿಗೆ

ಸಸ್ಯಾಹಾರಿಗಳು ಹೆದರಬೇಡಿ. ಅಲ್ಲಿನ ಕ್ರೈಸ್ತರಿಗೆ ವರ್ಷದಲ್ಲಿ ಉಪವಾಸದ ದಿನ ಬಹಳ. ಹಾಗಾಗಿ ಮಾಂಸ, ಮೊಟ್ಟೆ, ಹಾಲು ಇಲ್ಲದ ಅಡುಗೆ ಎಲ್ಲ ಹೋಟೆಲಿನಲ್ಲೂ ಇರುತ್ತದೆ. 'ನಿಸ್ತಿಸಿಮೊ' ಅಂತ ಕೇಳಿ, ಆದರೆ ಅದರಲ್ಲಿ ಆಕ್ಟೋಪಸ್, ಸಿಗಡಿ ಬರಬಹುದು, ಅದನ್ನು ಬೇಡ ಅನ್ನಿ. ದಪ್ಪ ಅವರೆಯಂಥ ಕಾಳನ್ನು ಟೊಮೆಟೊದಲ್ಲಿ ಬೇಯಿಸಿದ ಗಿಗಾಂಟೆಸ್, ಬೇಳೆಯ ಫಾವಾ, ಬೇಯಿಸಿದ ಸೊಪ್ಪು ಹೋರ್ತಾ. ಬ್ರೆಡ್ ಜೊತೆ ಹೊಟ್ಟೆ ತುಂಬುತ್ತದೆ. ಉಪ್ಪಿನಕಾಯಿ ಒಂದು ಪ್ಯಾಕೆಟ್ ಇದ್ದರೆ ಸ್ವರ್ಗ.

ಕೊನೆಗೆ: ಗೇರ್ ಪೆಟ್ಟಿಗೆ ಮತ್ತು ಲೆಕ್ಕದ ಕಲ್ಲು

ಪತಿಸ್ಸಿಯೊನ್ ರಸ್ತೆಯ ರಾಷ್ಟ್ರೀಯ ಪುರಾತತ್ವ ಮ್ಯೂಸಿಯಂ ದೊಡ್ಡದು. ಎಲ್ಲ ನೋಡಲು ಹೋದರೆ ಕಾಲು ಬೀಳುತ್ತದೆ. ಆಂಟಿಕಿಥೆರಾ ಯಂತ್ರ ಎಲ್ಲಿ ಅಂತ ಕೇಳಿ ಸೀದಾ ಅಲ್ಲಿಗೆ ಹೋಗಿ. 1900ರಲ್ಲಿ ಸ್ಪಂಜು ತೆಗೆಯಲು ಮುಳುಗಿದವರಿಗೆ ಆಂಟಿಕಿಥೆರಾ ದ್ವೀಪದ ಬಳಿ ಹಳೆಯ ಹಡಗು ಸಿಕ್ಕಿತು. ಅದರ ಸಾಮಾನಿನಲ್ಲಿ ಬಂದ ಹಸಿರುಗಟ್ಟಿದ ಕಂಚಿನ ಮುದ್ದೆ ಇದು. ಈಗ 82 ಚೂರು. ಉಳಿದಿರುವ ಗೇರುಗಳು 30. ದೊಡ್ಡ ಚೂರಿನಲ್ಲಿ ನಾಲ್ಕು ಕಡ್ಡಿಯ ಚಕ್ರ ಬರಿಗಣ್ಣಿಗೇ ಕಾಣುತ್ತದೆ. ಹತ್ತಿರ ಹೋಗಿ ಅದರ ಹಲ್ಲು ನೋಡಿ. ತ್ರಿಕೋನಾಕಾರ, ಒಂದೊಂದನ್ನೂ ಕೈಯಲ್ಲಿ ಅರದಿಂದ ಉಜ್ಜಿ ಮಾಡಿದ್ದು. ಹಿಡಿ ತಿರುಗಿಸಿದರೆ ಸೂರ್ಯ, ಚಂದ್ರರ ಜಾಗ, ಗ್ರಹಣದ ದಿನ, ಒಲಿಂಪಿಕ್ ಆಟದ ವರ್ಷ ತೋರಿಸುತ್ತಿತ್ತು.

ಒಳಗಿನ ಒಂದು ಗೇರಿಗೆ 223 ಹಲ್ಲು. 223 ಚಾಂದ್ರಮಾಸಕ್ಕೆ, ಅಂದರೆ 18 ವರ್ಷ 11 ದಿನಕ್ಕೆ, ಗ್ರಹಣಗಳು ಅದೇ ಕ್ರಮದಲ್ಲಿ ಮರಳುತ್ತವೆ. 223 ಅವಿಭಾಜ್ಯ ಸಂಖ್ಯೆ. ಸಣ್ಣ ಗೇರುಗಳನ್ನು ಸೇರಿಸಿ ಅದನ್ನು ತರಲಾಗಲ್ಲ, ಅಷ್ಟೂ ಹಲ್ಲು ಕೊರೆಯಲೇಬೇಕು. ಕೊರೆದಿದ್ದಾರೆ. ಗ್ರಹಣದ ಲೆಕ್ಕ ಗ್ರೀಕರದಲ್ಲ, ಬ್ಯಾಬಿಲೋನಿಯದವರು ತಲೆತಲಾಂತರದಿಂದ ಆಕಾಶ ನೋಡಿ ಬರೆದಿಟ್ಟಿದ್ದು. ಅದನ್ನು ಕಂಚಿನ ಹಲ್ಲಾಗಿ ಮಾಡಿದ್ದು ಗ್ರೀಕರು. ಇನ್ನೊಂದು ಮುಳ್ಳು 235 ಚಾಂದ್ರಮಾಸಕ್ಕೆ 19 ವರ್ಷ ಅನ್ನುವ ಲೆಕ್ಕದ್ದು. ನಮ್ಮ ಪಂಚಾಂಗದವರಿಗೆ ಇದು ಹೊಸದಲ್ಲ. 19 ವರ್ಷಕ್ಕೆ ಹನ್ನೆರಡರಂತೆ 228 ತಿಂಗಳು, ಮೇಲೆ ಏಳು ಅಧಿಕಮಾಸ. ಚಂದ್ರ ಎಲ್ಲರಿಗೂ ಒಬ್ಬನೇ ತಾನೆ.

ಅದೇ ಕಟ್ಟಡದ ಇನ್ನೊಂದು ತುದಿಯಲ್ಲಿ ಶಾಸನಗಳ ಮ್ಯೂಸಿಯಂ ಇದೆ, ಬಾಗಿಲು ಬೇರೆ. ತೆರೆದಿರುವ ಹೊತ್ತು ಮೊದಲೇ ನೋಡಿಕೊಳ್ಳಿ. ಜನವೇ ಇರಲ್ಲ. ಅಲ್ಲಿ ಮೂರೂವರೆ ಮೀಟರಿಗೂ ಎತ್ತರದ, ಚೂರು ಚೂರು ಅಂಟಿಸಿ ನಿಲ್ಲಿಸಿದ ಒಂದು ಕಲ್ಲಿದೆ. ಪರ್ಷಿಯನ್ನರ ವಿರುದ್ಧ ಒಟ್ಟಾಗಿದ್ದ ಊರುಗಳು ಅಥೆನ್ಸ್‌ಗೆ ಕಟ್ಟಿದ ಕಪ್ಪದ ಪಟ್ಟಿ. ಕ್ರಿ.ಪೂ. 454ರಲ್ಲಿ ಖಜಾನೆಯನ್ನು ಡೆಲೊಸ್ ದ್ವೀಪದಿಂದ ಅಥೆನ್ಸ್‌ಗೆ ತಂದರು, ಪಟ್ಟಿ ಅಲ್ಲಿಂದ ಶುರು. ಏಳು ವರ್ಷಕ್ಕೆ ಪಾರ್ಥೆನಾನ್ ಕೆಲಸ ಶುರುವಾಯಿತು. ಮಿತ್ರ ಊರುಗಳ ದುಡ್ಡಲ್ಲಿ ಅಥೆನ್ಸ್ ಸಿಂಗಾರ ಮಾಡಿಕೊಳ್ಳುತ್ತಿದೆ ಅಂತ ಆಗಲೇ ಸಭೆಯಲ್ಲಿ ಗಲಾಟೆಯಾಗಿತ್ತು.

ಕಲ್ಲಿನ ಮೇಲೆ ಊರಿನ ಹೆಸರಿನ ಪಕ್ಕ ಇರುವ ಅಕ್ಷರಗಳೇ ಅಂಕಿ. ಎಚ್ ತರದ್ದು ನೂರು, ಡೆಲ್ಟಾ ಹತ್ತು, ಗೀಟಿನ ಬಲಕ್ಕೆ ಸಣ್ಣ ಅಡ್ಡಗೆರೆ ಇದ್ದರೆ ಒಂದು ಡ್ರಾಕ್ಮಾ. ಬರೆದಿರುವುದು ಅಥೀನಾ ದೇವಿಗೆ ಸಂದ ಅರವತ್ತರಲ್ಲಿ ಒಂದು ಪಾಲು ಮಾತ್ರ. ಆದ್ದರಿಂದ ಕಂಡ ಅಂಕಿಯನ್ನು 60ರಿಂದ ಗುಣಿಸಿ. ಒಂದೇ ಒಂದು ಎಚ್ ಇದ್ದರೆ ಆ ಊರು ಆ ವರ್ಷ ಕಟ್ಟಿದ್ದು 6,000 ಡ್ರಾಕ್ಮಾ, ಸುಮಾರು 26 ಕೆ.ಜಿ. ಬೆಳ್ಳಿ. ಸಿಮಿಯಾಸ್‌ನ ಕೂಲಿಯಲ್ಲಿ ಹೇಳುವುದಾದರೆ 6,000 ದಿನದ ದುಡಿಮೆ.